ಕಳ್ಳನ ಕೈಗೆ ಸಿಕ್ಕ ಜಾತಕಗಳು

ಬೆಳಿಗ್ಗೆ ಕಾಫಿ ಹೊತ್ತಿಗೆ ಶೆಟ್ಟಿಹಳ್ಳಿಯಿಂದ ಒಬ್ಬರು ಫೋನ್ ಮಾಡಿ, "ಅಜ್ಜಿ, ನಿಮಗೇನು ತಲೆ ಕೆಟ್ಟಿದೆಯಾ?" ಅಂತ ಕೇಳಿದರು. ಅವರ ಮಗಳ ಮದುವೆ ಮಾಡಿಸಿದವಳು ನಾನೇ. ಆ ಮಗಳಿಗೊಂದು ಮಗು ಆಗಿ, ಅದು ಅಂಗನವಾಡಿಗೆ ಹೋಗುವಷ್ಟು ದೊಡ್ಡದಾಗಿದೆ.

"ಒಳ್ಳೆ ಗಂಡಿದೆ, ಜಾತಕ ನೋಡಿ ಅಂತ ಮಗಳಿಗೆ ಮೇಲ್ ಹಾಕಿದ್ದೀರಲ್ಲ, ಅದನ್ನ ಅಳಿಯ ನೋಡಿದಾನೆ. ಈಗ ಅವನಿಗೆ ನಾನೇನು ಹೇಳ್ಲಿ?"

ನಾನು ಹಾಕಿಲ್ಲ ಅಂದೆ. ನಿಮ್ಮ ಹೆಸರೇ ಇದೆ, ಕೆಳಗೆ ನೀವು ಅವತ್ತು ಬರೆಸಿದ ಮಾತೆಲ್ಲ ಇದೆ ಅಂದರು. "ಮದುವೆ ಮಾಡಿಸೋಕೆ ಕಮಿಷನ್ ತಗೊಂಡ್ರಿ. ಮುರಿಯೋಕೂ ಇದೆಯಾ?" ಅಂತ ಫೋನ್ ಇಟ್ಟರು.

ನನ್ನ ಕೆಲಸ ಗಂಡು ಹೆಣ್ಣು ಜೋಡಿಸೋದು. ಯಲಹಂಕದಲ್ಲಿ ಮನೆ. ಕನ್ನಡ ಅಕ್ಷರ ಕೂಡಿಸಿಕೊಂಡು ಓದ್ತೀನಿ, ಇಂಗ್ಲಿಷ್ ಬರಲ್ಲ. ಸೊಸೆ ಗಾರ್ಮೆಂಟ್ಸ್ ಆಫೀಸಿಗೆ ಹೋಗುವ ಮುಂಚೆ ಬಂದ ಮೇಲ್ ಓದಿ ಹೇಳ್ತಾಳೆ. ಯಾರ ಜಾತಕ ಯಾರ ಮನೆಗೆ ಅಂತ ನಾನು ಹೇಳಿದರೆ ಅವಳು ಕಳಿಸ್ತಾಳೆ. ಮಿಕ್ಕಿದ್ದೆಲ್ಲ ನನ್ನ ಬಾಯಿ, ನನ್ನ ಕಾಲು.

ಮೊದಲು ಎಲ್ಲ ಕವರಿನಲ್ಲಿ ಬರ್ತಿತ್ತು. ಕೂಡಿ ಬರಲಿಲ್ಲ ಅಂದರೆ ಫೋಟೊ, ಜಾತಕ ಅದೇ ಕವರಿನಲ್ಲಿ ವಾಪಸ್ ಹೋಗಬೇಕು. ಹೆಣ್ಣಿನ ಫೋಟೊ ಬರಿದಾಗಿ ಕಳಿಸಬಾರದು ಅಂತ ಒಳಗೆ ಒಂದು ಚಿಟಿಕೆ ಕುಂಕುಮ ಹಾಕಿ ಕೊಡೋದು. ಬೇಡ ಅಂದವರೂ ಅಷ್ಟು ಮರ್ಯಾದೆ ಇಟ್ಕೊಂಡಿದ್ರು. ಮೇಲ್ ಬಂದ ಮೇಲೆ ವಾಪಸ್ ಅನ್ನೋದೇ ನಿಂತುಹೋಯ್ತು. ಕಳಿಸಿದ್ದು ಅಲ್ಲೂ ಇರತ್ತೆ, ಇಲ್ಲೂ ಇರತ್ತೆ. ಮದುವೆಯಾದವರದ್ದು, ಆಗದವರದ್ದು, ಎಲ್ಲ ಒಂದೇ ಕಡೆ ಬಿದ್ದಿತ್ತು.

ಆವತ್ತು ಮಧ್ಯಾಹ್ನದೊಳಗೆ ಫೋನಿನ ಮೇಲೆ ಫೋನು. ಮದುವೆಯಾದ ಹೆಣ್ಣಿಗೆ ಗಂಡು, ಎರಡು ಮಕ್ಕಳ ತಂದೆಗೆ ಹೆಣ್ಣು. ಒಬ್ಬ ಹುಡುಗ ತೀರಿಹೋಗಿದ್ದ, ಅವನಿಗೂ ಹೆಣ್ಣು ಬಂದಿತ್ತು. ಅವನ ತಾಯಿ ಬೈಯಲಿಲ್ಲ. "ಯಾವ ಹೆಣ್ಣು ಅಂತ ನೋಡೋಣ ಅಂತ ತೆಗೆದೆ ಕಣಮ್ಮ. ತೆಗೆದಾಗಿಂದ ಕಂಪ್ಯೂಟರ್ ಏನೋ ಆಗೋಯ್ತು" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಸೊಸೆ ಬಂದು ನೋಡಿದಳು.

"ಅತ್ತೆ, ಯಾರೋ ಒಳಗೆ ಬಂದಿದಾರೆ."

"ಯಾರು?"

"ಗೊತ್ತಾಗಲ್ಲ."

"ಎಲ್ಲಿಂದ ಬಂದ್ರು?"

"ಅದೂ ಗೊತ್ತಾಗಲ್ಲ."

"ಮತ್ತೆ ನಿಂಗೆ ಗೊತ್ತಾಗೋದೇನು?"

"ಬಂದಿದಾರೆ ಅಂತ ಗೊತ್ತಾಗತ್ತೆ."

ಕಳ್ಳ ಹೊಸ ಮೇಲ್ ಏನೂ ಬರೆದಿರಲಿಲ್ಲ. ನಮ್ಮ ಹಳೇ ಮೇಲ್‌ಗಳನ್ನೇ ತೆಗೆದು, ಅದಕ್ಕೇ ಉತ್ತರ ಬರೆದ ಹಾಗೆ ಮಾಡಿ, ಜಾತಕ ಅಂತ ಏನೋ ಒಂದು ಫೈಲ್ ಅಂಟಿಸಿ, ಯಾರ ಜೊತೆ ಯಾವ ಮಾತು ನಡೆದಿತ್ತೋ ಅವರಿಗೇ ಕಳಿಸಿದ್ದ. ಆ ಫೈಲ್ ತೆಗೆದವರ ಕಂಪ್ಯೂಟರಿಗೂ ಅದೇ ರೋಗ. ಗೊತ್ತಿಲ್ಲದವರಿಂದ ಬಂದ ಕಾಗದವನ್ನ ಜನ ತೆಗೆಯಲ್ಲ. ನನ್ನ ಹೆಸರು ನೋಡಿ ತೆಗೆದರು.

ಸೊಸೆ ಪಾಸ್‌ವರ್ಡ್ ಬದಲಾಯಿಸಿದಳು. ಮಾರನೆ ದಿನ ಮತ್ತೆ ಫೋನುಗಳು. ಇನ್ನೊಂದು ಪಾಸ್‌ವರ್ಡ್ ಹಾಕಿದಳು, ಉದ್ದನೇದು, ಅವಳಿಗೇ ನೆನಪಿರಲ್ಲ ಅಂತ ಕೈ ಮೇಲೆ ಬರ್ಕೊಂಡಳು. ಮತ್ತೆ ಹೋಯ್ತು. ಆಮೇಲೆ ಒಂದು ಬೆಳಿಗ್ಗೆ ನಮ್ಮನ್ನೇ ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ತಪ್ಪು ಅಂತು. ಕಳ್ಳ ಒಳಗೆ, ನಾವು ಆಚೆ.

ಇಷ್ಟರಲ್ಲೇ ಮುಗಿದಿದ್ದರೆ ನಾಲ್ಕು ಬೈಗುಳ ತಿಂದು ಸುಮ್ಮನಾಗ್ತಿದ್ದೆ. ಆವತ್ತೇ ವಿದ್ಯಾರಣ್ಯಪುರದಿಂದ, ನಾನು ಮದುವೆ ಗೊತ್ತು ಮಾಡಿದ್ದ ಒಬ್ಬ ಹುಡುಗಿಯ ಅಮ್ಮ ಬಂದಳು.

ಈ ಹುಡುಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ತಂದೆ ಇಲ್ಲ. ಹಿಂದೆ ನಾನೇ ತಂದ ಯಶವಂತಪುರದ ಸಂಬಂಧದಲ್ಲಿ ನಿಶ್ಚಿತಾರ್ಥ ಆಗಿ ಮುರಿದಿತ್ತು. ಕೆಲಸ ಬಿಡಲ್ಲ ಅಂದಳು ಅಂತ ಆ ಕಡೆಯವರೇ ಮುರಿದರು. ಆಮೇಲೆ ಬಹಳ ದಿನ ಯಾರೂ ಒಪ್ಪಲಿಲ್ಲ. ಮುರಿದ ಹೆಣ್ಣು ಅಂದ ಕೂಡಲೇ ಕಾಫಿ ಲೋಟ ಕೆಳಗಿಡೋರು. ಕೊನೆಗೆ ಹೆಬ್ಬಾಳದ ಒಂದು ಮನೆ ಕೂಡಿಬಂತು. ಹುಡುಗ ಮಾತು ಕಮ್ಮಿ, ಒಳ್ಳೆಯವನು. ಹುಡುಗಿ ಮೊದಲ ದಿನವೇ ಅವನಿಗೆ ಹಳೇದೆಲ್ಲ ಹೇಳಿದ್ದಳು. ಅವನು, "ಇರಲಿ ಬಿಡಿ, ಅಮ್ಮನಿಗೆ ನಾನು ಹೇಳ್ಕೋತೀನಿ" ಅಂದಿದ್ದ. ಶ್ರಾವಣದಲ್ಲಿ ಮದುವೆ, ಚೌಟ್ರಿಯೂ ಗೊತ್ತಾಗಿತ್ತು.

ಹುಡುಗಿ ಅಮ್ಮ ಬಾಗಿಲಲ್ಲೇ ನಿಂತು ಹೇಳಿದಳು. "ಯಶವಂತಪುರದ ಆಯಮ್ಮ ಫೋನ್ ಮಾಡಿದ್ರು. ಈಗ ಬುದ್ಧಿ ಬಂತಾ ನಿಮಗೆ, ಮತ್ತೆ ಜಾತಕ ಕಳ್ಸಿದ್ದೀರಲ್ಲ ಅಂತ ನಕ್ಕರು. ನಮ್ಮ ಹುಡುಗನಿಗೂ ಇನ್ನೂ ಆಗಿಲ್ಲ, ಯೋಚನೆ ಮಾಡ್ತೀವಿ ಅಂದ್ರು. ಯೋಚನೆ ಮಾಡ್ತಾರಂತೆ."

"ನಾನು ಕಳಿಸಿಲ್ಲ ಕಣೇ."

"ಗೊತ್ತು. ಆಯಮ್ಮನಿಗೆ ಗೊತ್ತಾ? ಊರೆಲ್ಲ ಹೇಳ್ಕೊಂಡು ಬರ್ತಾರೆ. ಹೆಬ್ಬಾಳದವರ ಕಿವಿಗೆ ಬಿದ್ರೆ? ಮದುವೆ ಗೊತ್ತಾದ ಹೆಣ್ಣನ್ನ ಇನ್ನೊಂದು ಕಡೆ ತೋರಿಸ್ತಿದಾರೆ ಅಂತಾರೆ."

ಈಗಲೇ ಹೆಬ್ಬಾಳಕ್ಕೆ ಫೋನ್ ಮಾಡಿ ಹೇಳ್ತೀನಿ ಅಂದೆ. ಅವಳು ನನ್ನ ಕೈ ಹಿಡಿದಳು. "ಬೇಡ. ಅವರಿಗೆ ಗೊತ್ತಿಲ್ಲದೆ ಇದ್ರೆ ನಾವೇ ಹೇಳಿದ ಹಾಗಾಗತ್ತೆ. ಏನಾದ್ರೂ ಸಾಕ್ಷಿ ಕೈಯಲ್ಲಿ ಇಟ್ಕೊಂಡು ಹೋಗಿ. ಬರೀ ಬಾಯಲ್ಲಿ ಹೇಳಿದ್ರೆ ನಿಮ್ಮ ಮಾತು ಯಾರು ಕೇಳ್ತಾರೆ?"

ಅವಳು ಹೇಳಿದ್ದು ಸರಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನೋ ಗಾದೆ ನಮ್ಮಂಥವರ ಮೇಲೇ ಕಟ್ಟಿದ್ದು. ನಿಜ ಹೇಳಬೇಕಾಗಿ ಬಂದಾಗ ಆ ಗಾದೆ ಎದುರಿಗೆ ಬಂದು ನಿಲ್ಲತ್ತೆ. ಕಳ್ಳ ಒಂದೇ ಸಲಕ್ಕೆ ಎಲ್ಲರಿಗೂ ಕಳಿಸಿದಾನೆ, ಈ ಹುಡುಗಿದು ಅದರಲ್ಲಿ ಒಂದು ಅಂತ ಕಣ್ಣಿಗೆ ತೋರಿಸಬೇಕು. ಅದಕ್ಕೆ ಮೇಲ್ ಒಳಗೆ ಹೋಗಬೇಕು.

ಸೊಸೆ ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದಳು. ನಿಮ್ಮ ಫೋನಿಗೆ ಕೋಡ್ ಕಳಿಸ್ತೀವಿ ಅಂತ ಒಂದು ನಂಬರ್ ತೋರಿಸಿತು. ನಂಬರ್ ಎಲ್ಲ ಚುಕ್ಕಿ, ಕೊನೆಯ ಎರಡು ಅಂಕಿ ಮಾತ್ರ ಕಾಣ್ತಿತ್ತು. ಅದು ನನ್ನದೂ ಅಲ್ಲ, ಅವಳದೂ ಅಲ್ಲ, ನಮ್ಮ ಮನೇಲಿ ಯಾರದೂ ಅಲ್ಲ.

ಈ ಮೇಲ್ ಮಾಡಿಕೊಟ್ಟಿದ್ದು ಬ್ಯಾಟರಾಯನಪುರದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಒಬ್ಬ ಭಾಯ್. ಈಗ ಅಲ್ಲಿ ಜೆರಾಕ್ಸು, ಪಾಸ್‌ಪೋರ್ಟ್ ಫೋಟೊ. ಬಸ್ ಹತ್ತಿ ಹೋದೆ. ಅಂಕಿ ಹೇಳಿದ ಕೂಡಲೇ ತಲೆ ಮೇಲೆ ಕೈ ಇಟ್ಕೊಂಡರು.

"ನನ್ನದೇ ನಂಬರ್ ಅಮ್ಮಾ. ಅವಾಗ ನಿಮ್ಮ ಹತ್ರ ಫೋನ್ ಎಲ್ಲಿತ್ತು? ಫೋನ್ ಇಲ್ಲದವರಿಗೆಲ್ಲ ನಂದೇ ಹಾಕಿ ಕೊಡ್ತಿದ್ದೆ."

"ಸರಿ, ಕೋಡ್ ಬಂದಿರತ್ತೆ ನೋಡಿ ಹೇಳಿ ಭಾಯ್."

"ಆ ಸಿಮ್ಮು ಬಿಟ್ಟು ಎಷ್ಟೋ ವರ್ಷ ಆಯ್ತು. ಕಂಪನಿಯವರು ಬೇರೆ ಯಾರಿಗೋ ಕೊಟ್ಟಿರ್ತಾರೆ."

ಎಷ್ಟು ಜನಕ್ಕೆ ಹೀಗೆ ಮಾಡಿದ್ದೀರಿ ಅಂತ ಕೇಳಲಿಲ್ಲ. ಅವರ ಮುಖ ನೋಡಿದರೆ ಅವರೇ ಎಣಿಸ್ತಾ ಇದ್ದ ಹಾಗಿತ್ತು.

ನಾವು ಎರಡು ಸಲ ಪಾಸ್‌ವರ್ಡ್ ಬದಲಾಯಿಸಿದ್ದು ಕೇಳಿ, "ಯಾವ ಕಂಪ್ಯೂಟರಲ್ಲಿ?" ಅಂದರು. ಮನೇದರಲ್ಲೇ ಅಂದೆ. ಆಂಟಿವೈರಸ್ ಇದೆಯಾ ಅಂದರು. ಇದೆ, ರಿಪೇರಿಯವನು ಹಾಕಿಕೊಟ್ಟಿದಾನೆ, ಲಾಕ್ ಒಡೆದಿರೋದು, ಬಿಟ್ಟಿ ಅಂದೆ. ಭಾಯ್ ನಗಲೂ ಇಲ್ಲ.

"ಲಾಕ್ ಒಡೆದಿರೋ ಆಂಟಿವೈರಸ್ ಅಂದ್ರೆ ಏನಮ್ಮಾ? ಕಳ್ಳನ್ನೇ ಕರ್ಕೊಂಡು ಬಂದು ವಾಚ್‌ಮನ್ ಮಾಡಿದ ಹಂಗೆ. ನೀವು ಬೀಗ ಬದಲಾಯಿಸ್ತಾನೇ ಇದ್ದೀರಿ, ಅವನು ಒಳಗೇ ಕೂತು ಹೊಸ ಕೀಲಿ ನೋಡ್ತಾನೇ ಇದಾನೆ. ಮೊದಲು ಆ ಕಂಪ್ಯೂಟರ್ ಪೂರ್ತಿ ಒರೆಸಬೇಕು. ಅಲ್ಲಿತನಕ ಅದರಲ್ಲಿ ಮೇಲ್ ತೆಗೀಬೇಡಿ. ಇನ್ನೊಂದು ಮಾತು. ಆ ಹಳೇ ನಂಬರನ್ನ ಕಳ್ಳ ಇನ್ನೂ ತೆಗೆದಿಲ್ಲ. ತೆಗೆದುಹಾಕಿದ ದಿನ ನಿಮ್ಮ ಮೇಲ್ ಕಥೆ ಮುಗೀತು."

ಭಾಯ್ ತಮ್ಮ ಹಳೇ ನಂಬರಿಗೆ ಫೋನ್ ಮಾಡಿ ನನಗೆ ಕೊಟ್ಟರು. ಒಬ್ಬ ಹೆಂಗಸು ಎತ್ತಿದಳು. ನಾನು ಇಂಥವಳು, ನಿಮಗೊಂದು ಕೋಡ್ ಬರತ್ತೆ ಅನ್ನೋಷ್ಟರಲ್ಲಿ, "ನಾಚಿಕೆ ಆಗಲ್ವಾ, ವಯಸ್ಸಾದವರ ದನಿ ಮಾಡ್ಕೊಂಡು ಮೋಸ ಮಾಡೋಕೆ?" ಅಂತ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಹೋಗಲಿಲ್ಲ. ಕೋಡ್ ಯಾರಿಗೂ ಹೇಳಬೇಡಿ ಅಂತ ಫೋನಲ್ಲಿ, ಬಸ್‌ಸ್ಟಾಪಲ್ಲಿ, ಬ್ಯಾಂಕಿನ ಗೋಡೆ ಮೇಲೆ ಎಲ್ಲ ಕಡೆ ಹೇಳ್ತಾರೆ. ಅವಳು ಅದನ್ನೇ ಮಾಡಿದಳು. ನಾನು ನಿಜ ಹೇಳಿದರೂ ಕಳ್ಳರು ಹೇಳೋ ಹಾಗೇ ಇತ್ತು, ಒಂದು ಅಕ್ಷರ ಬೇರೆ ಇರಲಿಲ್ಲ.

ಭಾಯ್, ಸ್ವಲ್ಪ ದಿನ ಬಿಡಿ, ಅವಳ ಮಾತು ಕೇಳಿದ್ರೆ ನಮ್ಮವಳೇ, ನಾನು ಬೇರೆ ಫೋನಿಂದ ನಿಧಾನಕ್ಕೆ ನಮ್ಮ ಭಾಷೇಲಿ ಮಾತಾಡಿ ನೋಡ್ತೀನಿ ಅಂದರು. ಅಷ್ಟರೊಳಗೆ ಕಂಪ್ಯೂಟರ್ ಸರಿ ಮಾಡಿಸೋಣ ಅಂತ ತಂದುಕೊಟ್ಟೆ. ಅವರು ಒಳಗಿದ್ದದ್ದನ್ನೆಲ್ಲ ಒರೆಸಿ ಹೊಸದಾಗಿ ಮಾಡಿದರು. ಆಂಟಿವೈರಸ್ ಮಾತ್ರ ನೀವೇ ನೋಡಿ ತನ್ನಿ, ನಾನು ಹೇಳಿ ಆಮೇಲೆ ನನ್ನ ಮೇಲೆ ಬರೋದು ಬೇಡ ಅಂದರು.

ಯಶವಂತಪುರದ ದೊಡ್ಡ ಅಂಗಡಿಗೆ ಹೋದೆ. ಸೇಲ್ಸಿನವನು ಬಣ್ಣಬಣ್ಣದ ಡಬ್ಬಿಗಳನ್ನ ಸೀರೆ ಹರಡಿದ ಹಾಗೆ ಹರಡಿದ.

"ಇದು ಟಾಪ್ ಅಮ್ಮ. ಇದು ಹಾಕಿದ್ರೆ ಯಾವ ಕಳ್ಳನೂ ಬರಲ್ಲ."

"ಬಂದ್ರೆ?"

"ಚಾನ್ಸೇ ಇಲ್ಲ."

ಚಾನ್ಸೇ ಇಲ್ಲ ಅನ್ನುವವರ ಮನೆಗೆ ನಾನು ಹೆಣ್ಣು ಕೊಡಿಸಲ್ಲ. ಗಂಡಿನ ವಿಚಾರ ತಿಳೀಬೇಕು ಅಂದರೆ ಗಂಡಿನ ಮನೇಲಿ ಕೇಳಬಾರದು. ಬೀದಿ ಕೊನೇ ದಿನಸಿ ಅಂಗಡೀಲಿ ಕೇಳಬೇಕು, ಮನೆ ಕೆಲಸ ಬಿಟ್ಟವಳನ್ನ ಕೇಳಬೇಕು. ಅದೇ ಥರ ಯಲಹಂಕದ ಜೆರಾಕ್ಸ್ ಅಂಗಡಿಗಳನ್ನ ಒಂದೊಂದಾಗಿ ಹತ್ತಿದೆ. ಊರಿನವರ ಪೆನ್‌ಡ್ರೈವೆಲ್ಲ ಬಂದು ಚುಚ್ಚೋದು ಅಲ್ಲೇ. ರೋಗ ಮೊದಲು ತಗಲೋದು ಅವರಿಗೇ.

ಒಬ್ಬರು, ಇದು ಕಂಪ್ಯೂಟರನ್ನ ಎತ್ತಿನ ಗಾಡಿ ಮಾಡಿಬಿಡತ್ತೆ ಅಂದರು. ಇನ್ನೊಬ್ಬರು, ಅದು ಕೆಲಸಕ್ಕಿಂತ ಜಾಸ್ತಿ ದುಡ್ಡು ಕಟ್ಟು ಅಂತ ಕೂಗತ್ತೆ ಅಂದರು. ಮತ್ತೊಬ್ಬರು, ಕಂಪ್ಯೂಟರ್ ಜೊತೆಗೇ ಒಂದು ಬಂದಿರತ್ತೆ, ದಿನಾ ಅಪ್‌ಡೇಟ್ ಮಾಡ್ಕೊಂಡ್ರೆ ಅದೇ ಸಾಕು, ಸುಮ್ನೆ ಯಾಕೆ ಅಂದರು. ಹಳೇ ಊರಿನ ಕಡೆ ಜೆರಾಕ್ಸ್ ಅಂಗಡಿ ಇಟ್ಟಿರೋ ಹೆಂಗಸು ನನ್ನ ಮುಖ ನೋಡದೆ ಪೇಪರ್ ಜೋಡಿಸ್ತಾ ಹೇಳಿದಳು. "ಯಾವುದಾದ್ರೂ ಹಾಕಿ ಅಜ್ಜಿ. ಬಿಲ್ ಇರೋದು ಹಾಕಿ. ಆಮೇಲೆ ಕಂಡಿದ್ದನ್ನೆಲ್ಲ ಒತ್ತಬೇಡಿ. ನೀವೇ ಬಾಗಿಲು ತೆಗೆದು ಬಾ ಅಂದ್ರೆ ಅದೇನು ಮಾಡತ್ತೆ?"

ಮತ್ತೆ ಯಶವಂತಪುರಕ್ಕೆ ಹೋಗಿ, ಮೂರು ಡಬ್ಬಿ ಮುಂದೆ ಇಟ್ಕೊಂಡು, ಹಿಂದೆ ಬರೆದಿದ್ದ ಸಹಾಯದ ನಂಬರುಗಳಿಗೆ ಅಲ್ಲೇ ನಿಂತು ಫೋನ್ ಮಾಡಿದೆ. ಸೇಲ್ಸಿನವನು, "ಕೊಂಡ ಮೇಲೆ ಮಾಡೋದು ಅಮ್ಮ ಅದು" ಅಂದ. ಕೊಂಡ ಮೇಲೆ ನಿನ್ನ ಮುಖ ನೋಡೋಕೂ ಆಗಲ್ಲ, ಇರಪ್ಪ ಅಂದೆ. ಒಂದು ಕಡೆ ಬರೀ ಹಾಡು. ಇನ್ನೊಂದು ಕಡೆ ಒಂದು ಒತ್ತಿ ಎರಡು ಒತ್ತಿ ಅಂತ ಒತ್ತಿಸಿ ಒತ್ತಿಸಿ ಕಟ್ ಆಯ್ತು. ಮೂರನೇದರಲ್ಲಿ ಒಬ್ಬ ಹುಡುಗ ಕನ್ನಡದಲ್ಲಿ ಮಾತಾಡಿದ. ನಡೆದದ್ದು ಹೇಳಿ, ನಿಮ್ಮದು ಹಾಕಿದ್ರೆ ಕಳ್ಳ ಕಳಿಸಿದ ಮೇಲ್ ವಾಪಸ್ ಬರತ್ತಾ ಅಂತ ಕೇಳಿದೆ.

"ಇಲ್ಲ ಅಮ್ಮ. ಹೋಗಿದ್ದು ಹೋಯ್ತು. ಮುಂದೆ ಬರೋದನ್ನ ತಡೀಬಹುದು. ಅದೂ ಎಲ್ಲಾನೂ ಅಂತ ಹೇಳೋಕಾಗಲ್ಲ."

ಅದನ್ನೇ ತಗೊಂಡೆ, ಬಿಲ್ ಹಾಕಿಸ್ಕೊಂಡೆ. ಅವನು ಸುಳ್ಳು ಹೇಳಿದ್ದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಸ್ವಲ್ಪ ನೆಮ್ಮದಿ ಇರ್ತಿತ್ತೇನೋ. ಹೋಗಿದ್ದು ಹೋಯ್ತು ಅನ್ನೋದು ಮನೆ ತನಕ ಕಿವೀಲಿ ಇತ್ತು.

ಈ ಮಧ್ಯೆ ಹುಡುಗಿ ಅಮ್ಮ ದಿನಾ ಫೋನ್ ಮಾಡೋಳು. ಏನಾಯ್ತು ಅನ್ನೋಳು, ಆಗಿಲ್ಲ ಅನ್ನುತ್ತಿದ್ದೆ. ಹೆಬ್ಬಾಳದ ಕಡೆಯಿಂದ ಏನೂ ಸುದ್ದಿ ಇರಲಿಲ್ಲ. ಸುದ್ದಿ ಇಲ್ಲ ಅಂದರೆ ಗೊತ್ತಾಗಿಲ್ಲ ಅಂತ ನಾವಿಬ್ಬರೂ ಅಂದ್ಕೊಂಡ್ವಿ. ಹಾಗಂದ್ಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಭಾಯ್ ಕೊನೆಗೆ ಆ ಹೆಂಗಸಿನ ಹತ್ತಿರ ಮಾತಾಡಿದರು. ಆರ್.ಟಿ. ನಗರದಲ್ಲಿ ಬ್ಲೌಸ್ ಹೊಲೀತಾಳೆ. "ನಕ್ಕೋ ಭಾಯ್, ಬೇಡ ಬೇಡ ಅಂತಾನೇ ಇದಾಳೆ. ಕೊನೆಗೆ, ಆಯಮ್ಮ ನಿಜವಾಗಲೂ ಇದ್ರೆ ಇಲ್ಲಿಗೇ ಬರಲಿ, ಮುಖ ನೋಡ್ತೀನಿ ಅಂದ್ಲು." ಸೊಸೆ ರಜೆ ಹಾಕಿದಳು. ಅವಳ ಫೋನ್ ತಗೊಂಡು ಇಬ್ಬರೂ ಹೋದ್ವಿ.

ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ. ಮೆಶಿನ್ ನಿಲ್ಲಿಸದೆ ನನ್ನನ್ನ ಮೇಲಿಂದ ಕೆಳಗೆ ನೋಡಿದಳು.

"ನೀವೇನಾ ಫೋನ್ ಮಾಡಿದ್ದು?"

"ನಾನೇ. ನೀನೇನಾ ಬೈದಿದ್ದು?"

"ಬೈಯದೆ ಇನ್ನೇನು ಮಾಡ್ಲಿ? ಒಂದು ಸಲ ಹಿಂಗೇ ಒಬ್ಳು ಅಳ್ತಾ ಕೇಳಿದ್ಲು, ಕೊಟ್ಟೆ. ಆಮೇಲೆ ನಾನು ಅತ್ತೆ."

"ನಾನು ಅಳೋಕೆ ಬಂದಿಲ್ಲ. ನಂಬು ಅಂತಾನೂ ಹೇಳಲ್ಲ. ನಿನ್ನ ಫೋನ್ ನೀನೇ ಇಟ್ಕೋ. ಕೋಡ್ ಬಂದ್ರೆ ನಮಗೆ ಹೇಳ್ಬೇಡ, ಇವಳ ಫೋನಲ್ಲಿ ನೀನೇ ಒತ್ತು. ತೆಗೆದ ಮೇಲೆ ಒಳಗೆ ಏನಿದೆ ನೋಡು. ನಮ್ಮದಲ್ಲ ಅನಿಸಿದ್ರೆ ಅಲ್ಲೇ ಮುಚ್ಚಿಬಿಡು, ನಾವು ಎದ್ದು ಹೋಗ್ತೀವಿ."

ಅವಳು ಮೆಶಿನ್ ನಿಲ್ಲಿಸಿದಳು. "ಈ ನಂಬರ್ ತಗೊಂಡಾಗಿಂದ ಯಾರ್ ಯಾರದೋ ಕೋಡ್ ಬರ್ತಾನೇ ಇರತ್ತೆ ಅಮ್ಮಾ. ಯಾರ ಮನೆ ಕೀಲಿನೋ ನನ್ನ ಹತ್ರ ಬಿದ್ದಿರತ್ತೆ. ನನಗೇ ಹೆದರಿಕೆ" ಅಂದಳು.

ಸೊಸೆ ತನ್ನ ಫೋನಲ್ಲಿ ಕೇಳಿದಳು. ಆ ಹೆಂಗಸಿನ ಫೋನ್ ಟುಣ್ ಅಂತು. ಭಾಯ್ ಹೆದರಿಸಿದ ಹಾಗೆ ಆಗಿರಲಿಲ್ಲ, ಕಳ್ಳ ನಂಬರ್ ತೆಗೆದಿರಲಿಲ್ಲ. ಅವಳು ಒಂದೊಂದೇ ಅಂಕಿ ನೋಡಿ ಸೊಸೆಯ ಫೋನಲ್ಲಿ ಒತ್ತಿದಳು. ತೆಗೀತು. ಸೊಸೆ ಅಲ್ಲೇ ಪಾಸ್‌ವರ್ಡ್ ಬದಲಾಯಿಸಿ, ಬೇರೆ ಕಡೆಯಿಂದ ಮೇಲ್ ತೆಗೆದು ಕೂತಿದ್ದವರನ್ನೆಲ್ಲ ಆಚೆ ಹಾಕಿ, ಆ ನಂಬರ್ ತೆಗೆದು ನನ್ನ ನಂಬರ್ ಹಾಕಿದಳು. ಹೆಂಗಸು ಪಕ್ಕದಲ್ಲಿ ಕೂತು ಎಲ್ಲ ನೋಡ್ತಿದ್ದಳು. ಹುಡುಗಿಯರ ಫೋಟೊ ಒಂದರ ಕೆಳಗೊಂದು ಹೋಗ್ತಾ ಇತ್ತು. ಮುಗಿಯೋ ಹಾಗೇ ಕಾಣಲಿಲ್ಲ.

"ಇಷ್ಟೊಂದು ಹುಡುಗೀರಾ? ಇವರಿಗೆಲ್ಲ ಗೊತ್ತಾ ಅಮ್ಮಾ, ಇವರ ಫೋಟೊ ಇನ್ನೂ ಇಲ್ಲೇ ಇದೆ ಅಂತ?"

ಅವಳು ಟೀ ತರಿಸಿದಳು, ಕುಡಿದು ಬಂದ್ವಿ.

ಮನೆಗೆ ಬಂದು ಭಾಯ್ ಸರಿ ಮಾಡಿಕೊಟ್ಟ ಕಂಪ್ಯೂಟರಿನಲ್ಲಿ ಹೊಸ ಆಂಟಿವೈರಸ್ ಹಾಕಿ, ಅದು ಪೂರ್ತಿ ಜಾಲಾಡಿ ಮುಗಿಸೋ ತನಕ ಕಾದು, ಆಮೇಲೆ ಮೇಲ್ ತೆಗೆದ್ವಿ. ಸಾಕ್ಷಿ ಸಿಕ್ಕಿತು. ಕಳ್ಳ ಒಂದೇ ಹೊತ್ತಿನಲ್ಲಿ ಹೊರಗೆ ಕಳಿಸಿದ್ದ ಮೇಲ್‌ಗಳು ಉದ್ದಕ್ಕೆ ಸಾಲಾಗಿ ಇದ್ದವು, ಯಶವಂತಪುರದ್ದೂ ಅದರ ನಡುವೆ ಇತ್ತು. ಸೊಸೆ ಪ್ರಿಂಟ್ ಹಾಕಿದಳು.

ಸೊಸೆ ಇನ್ನೂ ಏನೋ ಹುಡುಕ್ತಾ ಇದ್ದಳು. "ಅತ್ತೆ, ಬೈದು ಫೋನ್ ಮಾಡಿದವರು ಇಷ್ಟು ಜನ. ಮೇಲ್‌ನಲ್ಲಿ ಯಾರೂ ಬೈದೇ ಇಲ್ವಲ್ಲ, ಯಾಕೆ?" ಅಂದಳು. ನೋಡಿದರೆ ಕಳ್ಳ ಒಳಗೆ ಒಂದು ನಿಯಮ ಹಾಕಿಟ್ಟಿದ್ದ. ನನ್ನ ಮೇಲ್‌ಗೆ ಯಾರು ಉತ್ತರ ಬರೆದರೂ ಅದು ನಮ್ಮ ಕಣ್ಣಿಗೆ ಬೀಳದ ಹಾಗೆ ನೇರ ಕಸದ ಬುಟ್ಟಿಗೆ. ಸೊಸೆ ಬುಟ್ಟಿ ತೆಗೆದಳು. ಬೈಗುಳಗಳೆಲ್ಲ ಅಲ್ಲಿದ್ದವು. ಅವುಗಳ ನಡುವೆ ಹೆಬ್ಬಾಳದ ಹುಡುಗ ಬರೆದಿದ್ದೂ ಇತ್ತು.

ಅವನು ಫೋನ್ ಮಾಡುವ ಪೈಕಿ ಅಲ್ಲ. ಮೊದಲಿನಿಂದಲೂ ಏನಿದ್ದರೂ ಮೇಲ್‌ನಲ್ಲೇ. ಸೊಸೆ ಓದಿ ಹೇಳಿದಳು.

"ಅಜ್ಜಿ, ಹುಡುಗಿ ಮನೆಯವರು ಮತ್ತೆ ಯಶವಂತಪುರದವರಿಗೆ ಜಾತಕ ಕಳಿಸಿದಾರೆ ಅಂತ ನಮ್ಮ ಚಿಕ್ಕಮ್ಮನ ಕಿವಿಗೆ ಬಿದ್ದಿದೆ. ನಿಜವಾ? ನೀವು ಇಲ್ಲ ಅಂದ್ರೆ ನಂಬ್ತೀನಿ. ಅವಳನ್ನ ಕೇಳೋಕೆ ಮನಸ್ಸು ಬರ್ತಿಲ್ಲ, ಕೇಳಿದ್ರೆ ಅನುಮಾನ ಪಟ್ಟ ಹಾಗಾಗತ್ತೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ."

ಅದರ ಮೇಲೆ ಇನ್ನೊಂದು. "ಅಜ್ಜಿ, ನಿಮ್ಮ ಉತ್ತರ ಬರಲಿಲ್ಲ. ಚಿಕ್ಕಮ್ಮ ಅಮ್ಮನಿಗೆ ಹೇಳಿಬಿಟ್ಟರು. ಅಮ್ಮ ನನ್ನನ್ನ ಕೇಳ್ತಿದಾರೆ. ಒಂದು ಮಾತು ಬರೆಯಿರಿ."

ಅದರ ಮೇಲೆ ಮತ್ತೊಂದು. ಅದರಲ್ಲಿ "ಸರಿ" ಅಂತ ಮಾತ್ರ ಇತ್ತು.

ಸೊಸೆ ಅಳೋಕೆ ಶುರು ಮಾಡಿದಳು. ಅತ್ತು ಏನು ಮಾಡ್ತೀಯ, ಚಪ್ಪಲಿ ಹಾಕ್ಕೋ ಅಂದೆ.

ಹೆಬ್ಬಾಳದಲ್ಲಿ ಹುಡುಗನ ತಾಯಿ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಒಳ್ಳೆಯ ಹೆಂಗಸು. ಪ್ರಿಂಟ್ ಹಾಕಿದ್ದನ್ನ ಒಂದೂ ಬಿಡದೆ ನೋಡಿದರು. ಸತ್ತ ಹುಡುಗನಿಗೆ ಹೆಣ್ಣು ಕಳಿಸಿದ್ದದ್ದೂ ತೋರಿಸಿದೆ. ಮಗ ಕಳಿಸಿದ ಮೇಲ್ ಕಸದ ಬುಟ್ಟೀಲಿ ಬಿದ್ದಿದ್ದದ್ದೂ ತೋರಿಸಿದೆ. ಮಗ ಮನೆಯಲ್ಲೇ ಇದ್ದ. ರೂಮಿನ ಬಾಗಿಲು ಅರ್ಧ ತೆಗೆದಿತ್ತು. ಆಚೆ ಬರಲಿಲ್ಲ.

"ನಂಬಿದೆ ಕಣಮ್ಮ" ಅಂದರು ತಾಯಿ. "ನೀವೂ ಕಳಿಸಿಲ್ಲ, ಹುಡುಗಿ ಮನೆಯವರೂ ಕಳಿಸಿಲ್ಲ. ಕಳ್ಳನ ಕೆಲಸ. ಒಪ್ಕೊಂಡೆ."

ನಾನು ಕಾಫಿ ಲೋಟ ಎತ್ತಿದೆ.

"ಆದ್ರೆ ಒಂದು ಹೇಳಿ. ಈ ಹುಡುಗಿಗೆ ಅಲ್ಲಿ ನಿಶ್ಚಿತಾರ್ಥ ಆಗಿತ್ತಲ್ಲ, ಅದು ಯಾವ ಕಳ್ಳ ಮಾಡಿದ್ದು?"

ಅದು ನಿಜ ಅಂದೆ.

"ಹುಡುಗಿ ಇವನಿಗೆ ಹೇಳಿದ್ಲಂತೆ. ಅವಳನ್ನ ನಾನು ಏನೂ ಅನ್ನಲ್ಲ. ಇವನು ಹೇಳಲಿಲ್ಲ. ನೀವೂ ಹೇಳಲಿಲ್ಲ. ಮನೆಗೆ ಬರೋ ಸೊಸೆ ವಿಚಾರ ಬೀದಿಯವರು ಬಂದು ನನಗೆ ಹೇಳ್ಬೇಕಾ? ನಮ್ಮ ಕಡೆಯವರಿಗೆಲ್ಲ ಬೇಡ ಅಂತ ಹೇಳಿ ಆಯ್ತು, ಚೌಟ್ರಿಯವರಿಗೂ ಹೇಳಿ ಆಯ್ತು, ಹುಡುಗಿ ಮನೆಗೆ ನಿಮ್ಮ ಕೈಲೇ ಹೇಳಿಸೋಣ ಅಂತ ಇದ್ದೆ. ಈಗ ಮತ್ತೆ ಹೋಗಿ ಬೇಕು ಅಂದ್ರೆ, ನಾಳೆ ಆ ಹುಡುಗೀನ ಈ ಮನೇಲಿ ಎಲ್ಲರೂ ಅದೇ ಕಣ್ಣಲ್ಲಿ ನೋಡ್ತಾರೆ. ಅವಳಿಗೂ ಬೇಡ ಬಿಡಿ."

ಕಳ್ಳ ಬರೆದದ್ದು ಸುಳ್ಳು ಅಂತ ತೋರಿಸೋಕೆ ಅಷ್ಟು ಓಡಾಡಿದ್ದೆ. ಆ ಸುಳ್ಳಿನ ಕೆಳಗೆ ನಿಜ ಇದ್ದದ್ದಕ್ಕೆ ಯಾವ ಪ್ರಿಂಟೂ ಇರಲಿಲ್ಲ.

ಅವರು ಒಳಗೆ ಹೋಗಿ ಒಂದು ಕವರ್ ತಂದರು. ಜಾತಕ ಕೊಡುವಾಗ ನಾನು ಕೊಟ್ಟಿದ್ದ ಪ್ರಿಂಟ್ ಹಾಕಿದ ಫೋಟೊ ಅದರಲ್ಲಿತ್ತು. ಕವರಿನ ಮೂಲೆ ಕೆಂಪಗಾಗಿತ್ತು. ಕುಂಕುಮ ಹಾಕಿದ್ದರು. ಎದ್ದು ಬರುವಾಗ ರೂಮಿನ ಕಡೆ ನೋಡಿ, "ಬಾಯಿ ಇರೋ ಗಂಡಸು ಅವಳನ್ನೇ ಕೇಳಬಹುದಿತ್ತು ಕಣಪ್ಪ" ಅಂದೆ. ಬಾಗಿಲು ಮುಚ್ಚಿಕೊಂಡಿತು.

ವಿದ್ಯಾರಣ್ಯಪುರದ ಮನೇಲಿ ಹುಡುಗಿ ಕವರ್ ತಗೊಂಡು ತೆಗೆದು ನೋಡಿ ಮೇಜಿನ ಮೇಲಿಟ್ಟಳು. ಅವನ ಮೇಲ್ ಬಗ್ಗೆ ಹೇಳಿದೆ. "ನನ್ನನ್ನೇ ಕೇಳಬಹುದಿತ್ತಲ್ಲ" ಅಂದಳು. ಅಷ್ಟೇ.

ಮುಂದಿನ ಭಾನುವಾರ ಅವಳೇ ನಮ್ಮ ಮನೆಗೆ ಬಂದಳು. "ನನ್ನದು ನನ್ನ ಎದುರಿಗೇ ತೆಗೀರಿ ಅಜ್ಜಿ" ಅಂದಳು. ಸೊಸೆ ಪಕ್ಕದಲ್ಲಿ ಕೂತು ಒಂದೊಂದೇ ತೆಗೆದಳು. ಹಸಿರು ಸೀರೆಯದ್ದು, ಶಾಲೆಯ ಮುಂದೆ ನಿಂತದ್ದು, ಅಮ್ಮನ ಜೊತೆದು. ಬುಟ್ಟಿಗೆ ಹಾಕಿ, ಬುಟ್ಟೀನೂ ಖಾಲಿ ಮಾಡಿದಳು. ಕೆಳಗೆ ಮೂಲೆಯಲ್ಲಿ ಆಂಟಿವೈರಸ್ಸಿನ ಹಸಿರು ಗುರುತು ಬಂತು. ಏನಂತೆ ಅಂತ ಕೇಳಿದೆ. "ಎಲ್ಲ ಸುರಕ್ಷಿತವಾಗಿದೆ ಅಂತಿದೆ ಅತ್ತೆ" ಅಂದಳು ಸೊಸೆ.

"ಹೆಬ್ಬಾಳದವರದ್ದು ಕವರಿನಲ್ಲಿ ವಾಪಸ್ ಬಂತು. ಇಲ್ಲಿದ್ದದ್ದು ಹೋಯ್ತು" ಅಂದಳು ಹುಡುಗಿ. "ಕಳ್ಳ ತಗೊಂಡು ಹೋಗಿದ್ದು?"

"ಗೊತ್ತಿಲ್ಲ."

"ಅವನು ಎಷ್ಟು ಜನಕ್ಕೆ ಕೊಟ್ಟಿರ್ತಾನೆ?"

"ಗೊತ್ತಿಲ್ಲ ಕಣೇ."

ಅವಳು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಎದ್ದಳು. "ಇನ್ನೊಂದು ಸಲ ಗಂಡು ನೋಡೋದಾದ್ರೆ ನಾನು ಫೋಟೊ ಕೊಡಲ್ಲ ಅಜ್ಜಿ. ಜಾತಕಾನೂ ಕಳಿಸಲ್ಲ. ಬೇಕಾದವರು ಮನೆಗೆ ಬಂದು ನನ್ನನ್ನ ನೋಡಿ ಮಾತಾಡ್ಸಲಿ."

ಸರಿ ಅಂದೆ. ಮನೆ ಮನೆಗೆ ಹೋದಾಗ ಹಾಗೇ ಹೇಳ್ತಾ ಇದ್ದೀನಿ. ಫೋಟೊ ಇಲ್ಲ, ಬಂದು ನೋಡಿ ಅಂತ. ಆಗಲಿ ಅಂತಾರೆ. ಇಲ್ಲಿತನಕ ಯಾರೂ ಬಂದಿಲ್ಲ.